ಗೋಡೆಯ ಮೇಲಿನ ಪ್ರಮಾಣಪತ್ರಗಳನ್ನು ನಂಬಿ ಕಳೆದುಕೊಂಡ ಎಂಟು ತಿಂಗಳು

ಆಪ್ತಸಮಾಲೋಚಕರನ್ನು ಹುಡುಕುತ್ತಿರುವವರು ಮೊದಲ ಭೇಟಿಗೆ ಹೋಗುವ ಮುನ್ನ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನಗಿದ್ದದ್ದು ಗೀಳು ಕಾಯಿಲೆ, ಅಂದರೆ ಒಸಿಡಿ. ಬಾಗಿಲಿಗೆ ಬೀಗ ಹಾಕಿದ್ದೇನೆಯೇ, ಒಲೆ ಆರಿಸಿದ್ದೇನೆಯೇ ಎಂದು ಹತ್ತು ಹನ್ನೆರಡು ಸಲ ಹಿಂದಿರುಗಿ ನೋಡುವುದು, ನೋಡಿ ಬಂದ ಮೇಲೂ ಕಣ್ಣು ಕಂಡದ್ದನ್ನು ಮನಸ್ಸು ಒಪ್ಪದಿರುವುದು. ಮನೋವೈದ್ಯರು ಮಾತ್ರೆ ಬರೆದುಕೊಟ್ಟು, ಇದರ ಜೊತೆಗೆ ಥೆರಪಿಯೂ ಬೇಕು ಎಂದಿದ್ದರು. ಯಾವ ಥೆರಪಿ, ಅದನ್ನು ಕೊಡಲು ಅರ್ಹರು ಯಾರು ಎಂದು ನಾನು ಕೇಳಲಿಲ್ಲ, ಅವರೂ ಬಿಡಿಸಿ ಹೇಳಲಿಲ್ಲ.

ನಾನು ಆರಿಸಿಕೊಂಡವರ ಹೆಸರಿನ ಹಿಂದೆ 'ಡಾ.' ಇತ್ತು, ಮುಂದೆ ಬಿಡಿ ಅಕ್ಷರಗಳ ಸಾಲೇ ಇತ್ತು, ಕೋಣೆಯ ಗೋಡೆಯ ತುಂಬ ಚೌಕಟ್ಟು ಹಾಕಿದ ಪ್ರಮಾಣಪತ್ರಗಳಿದ್ದವು. ಮಾತು ಬಹಳ ಮೃದು. ನಾನು ಆತಂಕ ತೋಡಿಕೊಂಡಾಗಲೆಲ್ಲ "ನೀವು ಬೀಗ ಹಾಕಿಯೇ ಇರುತ್ತೀರಿ, ಏನೂ ಆಗುವುದಿಲ್ಲ" ಎಂದು ಧೈರ್ಯ ಹೇಳುತ್ತಿದ್ದರು. ಅನುಮಾನ ಬಂದಾಗ ಫೋನ್ ಮಾಡಿ ಎಂದೂ ಹೇಳಿದ್ದರು. ಪ್ರತಿ ಸಲವೂ ಮನಸ್ಸು ಹಗುರಾಗುತ್ತಿತ್ತು, ಆ ಹಗುರ ಎರಡು ದಿನಕ್ಕೆ ಕರಗುತ್ತಿತ್ತು, ಆಮೇಲೆ ಒಂದು ದಿನಕ್ಕೆ, ಕೊನೆಕೊನೆಗೆ ಫೋನ್ ಇಡುವಷ್ಟರಲ್ಲೇ. ಒಸಿಡಿಯಲ್ಲಿ ಇಂಥ ಸಮಾಧಾನವೇ ಗೀಳಿಗೆ ಮೇವು ಎಂಬುದು ನನಗೆ ತಿಳಿದಿರಲಿಲ್ಲ. ನನ್ನ ದುರದೃಷ್ಟಕ್ಕೆ ಅವರಿಗೂ ತಿಳಿದಿರಲಿಲ್ಲ. ಅನುಮಾನ ಹುಟ್ಟಿಸುವ ಸಂದರ್ಭವನ್ನು ಹಂತಹಂತವಾಗಿ ಎದುರಿಸಿ, ಮತ್ತೆ ಹೋಗಿ ನೋಡುವ ಒತ್ತಡಕ್ಕೆ ಮಣಿಯದೆ ಕುಳಿತಿರುವುದನ್ನು ಅಭ್ಯಾಸ ಮಾಡಿಸುವ 'ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್' ಎಂಬ ವಿಧಾನವೊಂದಿದೆ. ಅದರ ಮೊದಲ ರೂಪವನ್ನು ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ 1966ರಲ್ಲೇ ಪ್ರಕಟಿಸಿದ್ದರು. ಎಂಟು ತಿಂಗಳಲ್ಲಿ ಅದರ ಹೆಸರು ಆ ಕೋಣೆಯಲ್ಲಿ ಒಮ್ಮೆಯೂ ಕೇಳಿಬರಲಿಲ್ಲ.

ಎಚ್ಚರಿಕೆಯ ಗುರುತುಗಳು ಇರಲಿಲ್ಲವೆಂದಲ್ಲ. ಅವರು ಬೇರೆಯವರ ಕಥೆಗಳನ್ನು ನನಗೆ ಉದಾಹರಣೆಯಾಗಿ ಹೇಳುತ್ತಿದ್ದರು; ಹೆಸರೊಂದನ್ನು ಬಿಟ್ಟು ಉದ್ಯೋಗ, ವಯಸ್ಸು, ಸಂಸಾರದ ಜಗಳ ಎಲ್ಲವೂ ಅದರಲ್ಲಿರುತ್ತಿತ್ತು. ನನ್ನ ಮೇಲೆ ಎಷ್ಟು ವಿಶ್ವಾಸವಿಟ್ಟಿದ್ದಾರೆ ಎಂದು ನಾನು ಹಿಗ್ಗಿದೆನೇ ಹೊರತು, ನನ್ನ ಕಥೆಯೂ ಹೀಗೆಯೇ ಇನ್ನೊಬ್ಬರ ಕಿವಿಗೆ ಬೀಳುತ್ತಿರಬಹುದು ಎಂದು ಯೋಚಿಸಲಿಲ್ಲ. ಏಳನೆಯ ತಿಂಗಳಲ್ಲಿ ಅವರು, ಮಾತ್ರೆಗಳು ಭಾವನೆಗಳನ್ನು ಅದುಮುತ್ತವೆ, ನಿಲ್ಲಿಸಿಬಿಡಿ ಎಂದರು. ನಾನು ಮನೋವೈದ್ಯರನ್ನು ಕೇಳದೆ ಒಂದೇ ದಿನಕ್ಕೆ ನಿಲ್ಲಿಸಿದೆ. ತಲೆ ಸುತ್ತು, ನಿದ್ದೆಗೇಡು, ತಲೆಯೊಳಗೆ ವಿದ್ಯುತ್ ಹರಿದಂಥ ಝಲಕುಗಳು ಶುರುವಾದವು. ಈ ಬಗೆಯ ಮಾತ್ರೆಗಳನ್ನು ಹಠಾತ್ತನೆ ಬಿಟ್ಟಾಗ ಹೀಗಾಗಬಹುದೆಂಬುದು ವೈದ್ಯಲೋಕಕ್ಕೆ ಚೆನ್ನಾಗಿ ತಿಳಿದ ಸಂಗತಿ. ಆದ್ದರಿಂದಲೇ ವೈದ್ಯರು ಪ್ರಮಾಣವನ್ನು ನಿಧಾನವಾಗಿ ಇಳಿಸುತ್ತಾರೆ. ಔಷಧ ಬರೆಯುವ ಅಧಿಕಾರವಿಲ್ಲದವರಿಗೆ ಅದನ್ನು ನಿಲ್ಲಿಸಲು ಹೇಳುವ ಅಧಿಕಾರವೂ ಇಲ್ಲ. ಇಷ್ಟು ಸರಳವಾದ ತರ್ಕ ಆಗ ನನಗೆ ಹೊಳೆಯಲಿಲ್ಲ.

ಮರಳಿ ಮನೋವೈದ್ಯರ ಬಳಿ ಹೋದಾಗ, ಇಷ್ಟು ದಿನ ಆ ಸಮಾಲೋಚಕರು ಅನುಸರಿಸಿದ ವಿಧಾನ ಯಾವುದು ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಆಮೇಲೆ ವಿಚಾರಿಸಿದಾಗ ತಿಳಿದದ್ದಿಷ್ಟು: 'ಡಾ.' ಬಂದದ್ದು ಮನಶ್ಶಾಸ್ತ್ರಕ್ಕೆ ಸಂಬಂಧವೇ ಇಲ್ಲದ ವಿಷಯದ ಪಿಎಚ್‌ಡಿಯಿಂದ. ಪ್ರಮಾಣಪತ್ರಗಳಲ್ಲಿ ಹೆಚ್ಚಿನವು ಎರಡು ಮೂರು ದಿನಗಳ ಕಾರ್ಯಾಗಾರಗಳಲ್ಲಿ ಹಾಜರಿದ್ದುದಕ್ಕೆ ಕೊಟ್ಟವು. ಬಿಡಿ ಅಕ್ಷರಗಳಲ್ಲಿ ಒಂದು, ಶುಲ್ಕ ಕಟ್ಟಿದವರಿಗೆಲ್ಲ ದೊರೆಯುವ ಸಂಘವೊಂದರ ಸದಸ್ಯತ್ವ. ಅವರು ಸುಳ್ಳು ಹೇಳಿರಲಿಲ್ಲ ಎಂಬುದೇ ವಿಚಿತ್ರ. ಮನೆಗೆ ಬಣ್ಣ ಹೊಡೆಸುವಾಗ ನಾಲ್ಕು ಜನರನ್ನು ಕೇಳಿ ನೋಡುವ ನಾನು, ಇಲ್ಲಿ "ನೀವು ಏನು ಓದಿದ್ದೀರಿ" ಎಂದು ಕೇಳುವುದು ಅಗೌರವ ಎಂದುಕೊಂಡು ಸುಮ್ಮನಿದ್ದೆ.

ಮನೋವೈದ್ಯರು ವೈದ್ಯಕೀಯ ಪದವಿಯ ಮೇಲೆ ಮನೋವೈದ್ಯಶಾಸ್ತ್ರದ ತರಬೇತಿ ಪಡೆದವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಅಂದರೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳೊಂದಿಗೆ ಕೆಲಸ ಮಾಡಿಯೇ ಅರ್ಹತೆ ಪಡೆಯುತ್ತಾರೆ. 'ಆಪ್ತಸಮಾಲೋಚಕ', 'ಥೆರಪಿಸ್ಟ್' ಎಂಬ ಪದಗಳಿಗೆ ಮಾತ್ರ ಎಲ್ಲೆಡೆಯೂ ಬೇಲಿಯಿಲ್ಲ. ಬ್ರಿಟನ್‌ನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳಲು ಶಾಸನಬದ್ಧ ನೋಂದಣಿ ಬೇಕು, ಆದರೆ ಕೌನ್ಸೆಲರ್ ಎಂದು ಯಾರೂ ಹೇಳಿಕೊಳ್ಳಬಹುದು. ಅಮೆರಿಕದಲ್ಲಿ ಪರವಾನಗಿ ಕೊಡುವುದು ಆಯಾ ರಾಜ್ಯ. ಭಾರತದಲ್ಲಿ 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತು ಚಿಕಿತ್ಸಾ ಮನಶ್ಶಾಸ್ತ್ರಜ್ಞರ ನೋಂದಣಿ ಪಟ್ಟಿಯನ್ನು ಇಟ್ಟಿದೆ. ಇದರಿಂದ ಸಮಾಲೋಚಕರೆಲ್ಲ ಕೆಲಸಕ್ಕೆ ಬಾರದವರು ಎಂದು ಭಾವಿಸಬಾರದು. ಸಾವಿನ ದುಃಖದಲ್ಲಿ, ದಾಂಪತ್ಯದ ಬಿಕ್ಕಟ್ಟಿನಲ್ಲಿ ಒಳ್ಳೆಯ ತರಬೇತಿ ಪಡೆದ ಸಮಾಲೋಚಕರು ಮಾಡುವ ಕೆಲಸ ದೊಡ್ಡದು. ಹಾಗೆಯೇ ನೋಂದಣಿಯೊಂದರಿಂದಲೇ ಎಲ್ಲವೂ ತೀರುವುದಿಲ್ಲ, ನಿಮ್ಮ ತೊಂದರೆಗೆ ಬೇಕಾದ ವಿಧಾನದಲ್ಲಿ ಅವರು ಪಳಗಿದ್ದಾರೆಯೇ ಎಂದೂ ಕೇಳಬೇಕು. ಹೆಸರು ಯಾವ ಪಟ್ಟಿಯಲ್ಲಿದೆ, ಇಂಥ ಸಮಸ್ಯೆಯವರನ್ನು ಮೊದಲು ನೋಡಿದ್ದೀರಾ, ಗುಣವಾಗುತ್ತಿದೆಯೇ ಎಂದು ಹೇಗೆ ಅಳೆಯುತ್ತೀರಿ? ಸರಿಯಾಗಿ ಓದಿದವರು ಈ ಪ್ರಶ್ನೆಗಳಿಗೆ ಮುಖ ಗಂಟಿಕ್ಕುವುದಿಲ್ಲ.

ಈಗ ನಾನು ಹೋಗುತ್ತಿರುವವರು ಮೊದಲ ದಿನವೇ ತಮ್ಮ ನೋಂದಣಿ ಸಂಖ್ಯೆ, ವಿಧಾನ, ಗೋಪ್ಯತೆಯನ್ನು ಯಾವ ಸಂದರ್ಭದಲ್ಲಿ ಮುರಿಯಬೇಕಾಗಬಹುದು ಎಂಬುದನ್ನೆಲ್ಲ ಬರೆದ ಒಪ್ಪಿಗೆ ಪತ್ರ ಕೊಟ್ಟರು. ಎರಡನೆಯ ವಾರ "ನಾನು ಬೀಗ ಹಾಕಿರುತ್ತೇನೆ ಅಲ್ಲವೇ" ಎಂದು ಕೇಳಿದಾಗ, "ಅದಕ್ಕೆ ನಾನು ಉತ್ತರ ಕೊಡುವುದಿಲ್ಲ, ಏಕೆಂದು ಹೇಳುತ್ತೇನೆ" ಎಂದರು. ಆ ದಿನ ಸಿಟ್ಟು ಬಂದಿತ್ತು.

ಹಳಬರ ವಿರುದ್ಧ ದೂರು ಕೊಡಲು ಹೊರಟೆ. ನೋಂದಾಯಿತರಾಗಿದ್ದರೆ ವಿಚಾರಣೆ ನಡೆಸಿ ಹೆಸರು ತೆಗೆಯುವ ಮಂಡಳಿಯೊಂದಿರುತ್ತಿತ್ತು. ಅವರು ಯಾವ ಪಟ್ಟಿಯಲ್ಲೂ ಇಲ್ಲದ್ದರಿಂದ ಸದಸ್ಯತ್ವ ಕೊಟ್ಟ ಸಂಘಕ್ಕೇ ಬರೆದೆ. ತಾವು ಸದಸ್ಯರ ವೃತ್ತಿ ನಡವಳಿಕೆಗೆ ಹೊಣೆಯಲ್ಲ ಎಂದು ಎರಡು ಸಾಲಿನ ಉತ್ತರ ಬಂತು.