ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳಿದರೆ ಅಲ್ಲಿಂದ ಎದ್ದು ಬನ್ನಿ

ಬೆಂಗಳೂರಿನಲ್ಲಿ ಅಕೌಂಟ್ಸ್, ಬ್ಯಾಕ್ ಆಫೀಸ್, ಸ್ಟೋರ್ಸ್ ಕೆಲಸ ಹುಡುಕುತ್ತಿರುವವರು, ಅದರಲ್ಲೂ ಊರಿಂದ ಹೊಸದಾಗಿ ಬಂದು ಪಿಜಿಯಲ್ಲಿ ಇರುವವರು ಇದನ್ನು ಓದಿ. ಪೀಣ್ಯದಲ್ಲಿ ಮೆಷಿನ್ ಬಿಡಿಭಾಗ ಮಾರುವ ಕಂಪನಿಯೊಂದಕ್ಕೆ ಅಕೌಂಟ್ಸ್ ಎಕ್ಸಿಕ್ಯುಟಿವ್ ಆಗಿ ಸೇರಿ, ಬರಬೇಕಾದ ಸಂಬಳ ಕೈಬಿಟ್ಟು, ನನ್ನದೇ ಡಿಗ್ರಿ ಮಾರ್ಕ್ಸ್ ಕಾರ್ಡಿಗಾಗಿ ವಕೀಲರ ಬಾಗಿಲಿಗೆ ಹೋಗಿ ಬಂದವಳು ನಾನು. ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥದ್ದು ಅದೊಂದೇ ಅಲ್ಲ. ಒಂದರ ಹೆಸರು ಗೊತ್ತಾದರೆ ಮಿಕ್ಕವನ್ನೆಲ್ಲ ನಂಬಿಬಿಡುತ್ತೀರಿ.

ಇಂಟರ್‌ವ್ಯೂ ಮಾಡಿದ್ದು ಓನರ್ರೇ. ಬಿ.ಕಾಂ. ಬಗ್ಗೆ, ಹಿಂದಿನ ಕೆಲಸದ ಬಗ್ಗೆ ಎರಡು ಮಾತು. ಆಮೇಲೆ ಮದುವೆ ಯಾವಾಗ, ಅಪ್ಪ ಏನು ಮಾಡ್ತಾರೆ, ಹಬ್ಬಕ್ಕೆ ಊರಿಗೆ ಹೋದರೆ ಎಷ್ಟು ದಿನ ಇರ್ತೀಯಮ್ಮಾ, ಇಂಥವೇ. "ನಮ್ಮಲ್ಲಿ ಎಲ್ಲಾ ಫ್ಯಾಮಿಲಿ ತರ, ಟೈಮ್ ನೋಡಲ್ಲ" ಅಂದರು. ಟೈಮ್ ನೋಡದೆ ಇರುವುದು ಮನೆಗೆ ಹೊರಡುವ ಹೊತ್ತಿಗೆ ಮಾತ್ರ, ಬೆಳಗ್ಗೆ ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಕಟ್ ಎಂಬುದು ಸೇರಿದ ಮೇಲೆ ತಿಳಿಯಿತು. ಈ ಸೀಟಿನಲ್ಲಿ ಮೊದಲು ಇದ್ದವರು ಯಾಕೆ ಬಿಟ್ಟರು ಸರ್ ಎಂದು ಕೇಳಿದೆ. "ಅವರಿಗೆ ಕಮಿಟ್‌ಮೆಂಟ್ ಇರಲಿಲ್ಲ." ಅವರಿಗಿಂತ ಮುಂಚಿನವರು? ಅವರಿಗೂ ಇರಲಿಲ್ಲವಂತೆ.

ಆಮೇಲೆ ಟೆಸ್ಟ್ ಅಂತ ಒಂದು ಕಂಪ್ಯೂಟರ್ ಮುಂದೆ ಕೂರಿಸಿದರು. ಜಿಎಸ್‌ಟಿಆರ್-2ಬಿ (ನಮಗೆ ಮಾಲು ಮಾರಿದವರು ಜಿಎಸ್‌ಟಿಯಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿ) ಮತ್ತು ಪರ್ಚೇಸ್ ರಿಜಿಸ್ಟರ್ ತಾಳೆ ನೋಡಬೇಕು, ಯಾವ ಯಾವ ಬಿಲ್ಲಿನ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯ ಜಮೆ, ಬಂದಿಲ್ಲ ಎಂದು ಪಟ್ಟಿ ಮಾಡಬೇಕು. ಟೆಸ್ಟಿಗಾಗಿ ತಯಾರಿಸಿದ ಲೆಕ್ಕ ಅಲ್ಲ ಅದು, ಕಂಪನಿಯದೇ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್), ಆ ತಿಂಗಳದೇ ಡೇಟಾ. ಮಧ್ಯಾಹ್ನದವರೆಗೆ ಅವರ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಟ್ಟೆ. ಆದರೆ ನಿಜವಾದ ಸುಳಿವು ಇದ್ದದ್ದು ಆ ಟ್ಯಾಲಿಯಲ್ಲೇ. ಟ್ರಯಲ್ ಬ್ಯಾಲೆನ್ಸ್ ತೆರೆದಾಗ 'ಸ್ಯಾಲರಿ ಪೇಯಬಲ್' ಲೆಡ್ಜರಿನಲ್ಲಿ ತಿಂಗಳ ಮೇಲೆ ತಿಂಗಳು ಕ್ರೆಡಿಟ್, ಅಂದರೆ ಕೊಡಬೇಕಾದ ಸಂಬಳ, ಬೀಳುತ್ತಾ ಹೋಗಿತ್ತು, ಕೊಟ್ಟದ್ದನ್ನು ತೋರಿಸುವ ಡೆಬಿಟ್ ಮಾತ್ರ ಅಲ್ಲೊಂದು ಇಲ್ಲೊಂದು, ಐದು ಸಾವಿರ, ಎಂಟು ಸಾವಿರ. ಅದರ ಮೇಲಿನ 'ಪಿಎಫ್ ಪೇಯಬಲ್' ಕೂಡ ಹಾಗೆಯೇ ಬೆಳೆದು ನಿಂತಿತ್ತು. ಪಿಎಫ್ ಹಣ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು ಎಂಬುದು ಅಕೌಂಟ್ಸ್‌ನವರಿಗೆಲ್ಲ ಬಾಯಿಪಾಠ. ನೋಡಿದೆ. ಓನರ್ರನ್ನು ಕೇಳಿಯೂ ಕೇಳಿದೆ. "ಎಂಟ್ರಿ ಪಾಸ್ ಮಾಡೋರು ಇಲ್ಲಮ್ಮಾ, ಅದಕ್ಕೇ ನಿನ್ನನ್ನ ತಗೊಳ್ತಿರೋದು" ಅಂದರು. ಎಷ್ಟು ಸಲೀಸಾದ ಉತ್ತರ ನೋಡಿ! ಹಿಂದಿನ ಕಂಪನಿ ಮುಚ್ಚಿ, ಪಿಜಿ ಬಾಡಿಗೆ ತಲೆಯ ಮೇಲೆ ಕೂತಿದ್ದಾಗ ಇಂಥ ಉತ್ತರ ಸುಲಭವಾಗಿ ಗಂಟಲಿಳಿಯುತ್ತದೆ.

ಸಂಬಳ 28 ಸಾವಿರ ಎಂದು ಬಾಯಲ್ಲಿ ಹೇಳಿದ್ದರು. ಕಾಗದ ಕೈಗೆ ಬಂದದ್ದು ಸೇರಿದ ಮೇಲೆ. ಅದರಲ್ಲಿ 28,000 ಎಂದರೆ ಸಿಟಿಸಿ, ಅಂದರೆ ನನಗಾಗಿ ಕಂಪನಿಗೆ ಬೀಳುವ ಒಟ್ಟು ಖರ್ಚು. ಬೇಸಿಕ್ 14,000, ಅದರ 12 ಪರ್ಸೆಂಟ್, ಅಂದರೆ 1,680 ರೂಪಾಯಿ, ಕಂಪನಿಯ ಪಾಲಿನ ಪಿಎಫ್ ಅಂತ ಅದರಲ್ಲೇ ಮುರಿದುಕೊಂಡರು. ಐದು ವರ್ಷ ದುಡಿದ ಮೇಲೆ ಸಿಗುವ ಗ್ರಾಚ್ಯುಟಿಗೆ 673. 'ರಿಟೆನ್ಷನ್ ಬೋನಸ್' ಅಂತ 3,000, ಅದು ಎರಡು ವರ್ಷ ಮುಗಿಸಿದರೆ ಮಾತ್ರ. ಉಳಿದದ್ದರಲ್ಲಿ ನನ್ನ ಪಾಲಿನ ಪಿಎಫ್ ಇನ್ನೊಂದು 1,680. ಕೈಗೆ 20,967. ಆದ್ದರಿಂದ ಇಂಟರ್‌ವ್ಯೂನಲ್ಲಿ ಸಂಬಳ ಎಷ್ಟು ಎಂದಷ್ಟೇ ಕೇಳಬೇಡಿ. ತಿಂಗಳಿಗೆ ಅಕೌಂಟಿಗೆ ಎಷ್ಟು ಬೀಳುತ್ತದೆ ಎಂದು ಕೇಳಿ, ಅದರ ಲೆಕ್ಕವನ್ನು ಮೇಲ್‌ನಲ್ಲಿ ಕಳಿಸಲು ಹೇಳಿ. ಕಳಿಸುತ್ತೇವೆ ಎಂದು ಮುಂದೂಡುತ್ತಿದ್ದರೆ ನಾಳೆ ಸಂಬಳವನ್ನೂ ಹಾಗೇ ಮುಂದೂಡುತ್ತಾರೆ. ನೇಮಕಾತಿ ಪತ್ರ ಕೊಡುವುದು ಅವರ ಉಪಕಾರವಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಅದು ಕಡ್ಡಾಯ.

ಕೊಡುವ ಕಾಗದಕ್ಕೆ ಇಷ್ಟು ನಿಧಾನ ಮಾಡಿದವರು ನನ್ನ ಕಾಗದ ತೆಗೆದುಕೊಳ್ಳಲು ಒಂದು ದಿನವೂ ಕಾಯಲಿಲ್ಲ. ಇಂಟರ್‌ವ್ಯೂ ದಿನವೇ ಹೇಳಿದ್ದರು: ನಾಳೆ ಜಾಯಿನ್ ಆಗು, ಬರುವಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್‌ಗಳು, ಸಹಿ ಮಾಡಿದ ಖಾಲಿ ಚೆಕ್ ತಾ, ಎರಡು ವರ್ಷದ ಬಾಂಡ್ ಇದೆ. ವೆರಿಫಿಕೇಶನ್‌ಗೆ ಒರಿಜಿನಲ್ ನೋಡಲಿ, ಬೇಡ ಅನ್ನುವುದಿಲ್ಲ. ನಿಮ್ಮೆದುರೇ ನೋಡಿ, ಜೆರಾಕ್ಸ್ ಇಟ್ಟುಕೊಂಡು, ಅಲ್ಲೇ ವಾಪಸ್ ಕೊಡಬೇಕು. ಲಾಕರ್‌ನಲ್ಲಿ ಇಡುತ್ತೇವೆ ಎಂದರೆ ಅದು ಒತ್ತೆ. ಖಾಲಿ ಚೆಕ್ ಇನ್ನೂ ಅಪಾಯ. ಅವರಿಗೆ ಬೇಕಾದ ಮೊತ್ತ ಬರೆದು ಬ್ಯಾಂಕಿಗೆ ಹಾಕಿದರೆ, ಚೆಕ್ ಬೌನ್ಸ್ ಕೇಸಿನಲ್ಲಿ ಕೋರ್ಟಿಗೆ ಅಲೆಯುವವರು ನೀವು.

ಬಾಂಡ್ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆ ಓಡಾಡುತ್ತಿದೆ: "ಅದೆಲ್ಲ ಕೋರ್ಟಲ್ಲಿ ನಿಲ್ಲಲ್ಲ ಬಿಡಿ" ಅಂತ. ಕೆಲಸ ಬಿಟ್ಟ ಮೇಲೆ ಇನ್ನೊಂದು ಕಂಪನಿಗೆ ಸೇರಬಾರದು ಎಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ಸಾಮಾನ್ಯವಾಗಿ ನಿಲ್ಲುವುದಿಲ್ಲ, ನಿಜ. ಆದರೆ ಇಂತಿಷ್ಟು ವರ್ಷ ಇರಬೇಕು, ಇಲ್ಲದಿದ್ದರೆ ಇಷ್ಟು ಕಟ್ಟಬೇಕು ಎನ್ನುವುದು ಬೇರೆ. ವಿಜಯಾ ಬ್ಯಾಂಕಿನ ಮಾಜಿ ನೌಕರರೊಬ್ಬರ ಕೇಸಿನಲ್ಲಿ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದ, ಎರಡು ಲಕ್ಷ ರೂಪಾಯಿಯ ಬಾಂಡನ್ನು ಎತ್ತಿಹಿಡಿಯಿತು. ಅಲ್ಲಿ ನೇಮಕಾತಿಗೆ ಸಾರ್ವಜನಿಕ ವಲಯದ ಬ್ಯಾಂಕ್ ಮಾಡಿದ ಖರ್ಚಿನ ಮಾತಿತ್ತು. ಒಂದು ರೂಪಾಯಿ ಟ್ರೈನಿಂಗ್ ಕೊಡದ ಪೀಣ್ಯದ ಓನರ್ರಿಗೆ ಅದು ಹಾಗೆಯೇ ಒಪ್ಪುತ್ತದೆ ಅಂತಲ್ಲ. ಆದರೂ ಹೇಗೂ ನಿಲ್ಲುವುದಿಲ್ಲ ಎಂಬ ಧೈರ್ಯದ ಮೇಲೆ ಸಹಿ ಹಾಕಬೇಡಿ.

ಮುಂದಿನದ್ದು ಉದ್ದ ಬರೆಯುವಂಥದ್ದೇನಿಲ್ಲ. ಮೊದಲ ಸಂಬಳ ತಡವಾಗಿ, ಎರಡನೆಯದು ಅರ್ಧ, ಆಮೇಲೆ ಪಾರ್ಟಿ (ಗಿರಾಕಿ) ಪೇಮೆಂಟ್ ಬರಲಿ ಎಂಬ ಒಂದೇ ಪಲ್ಲವಿ. ಪಿಎಫ್ ಮುರಿದುಕೊಂಡಿದ್ದರು, ಪಾಸ್‌ಬುಕ್ಕಿನಲ್ಲಿ ಸೊನ್ನೆ.

ನೀವು ಹೋಗುವ ಮೊದಲೇ ನೋಡಬಹುದಾದದ್ದು ಸಾಕಷ್ಟಿದೆ. ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಜಾಲತಾಣದಲ್ಲಿ ಎಸ್ಟಾಬ್ಲಿಷ್‌ಮೆಂಟ್ ಸರ್ಚ್ ಎಂಬುದಿದೆ. ಕಂಪನಿಯ ಹೆಸರು ಹಾಕಿದರೆ ಯಾವ ತಿಂಗಳ ಪಿಎಫ್ ಯಾವತ್ತು ಕಟ್ಟಿದ್ದಾರೆ, ಎಷ್ಟು ನೌಕರರಿಗೆ ಕಟ್ಟಿದ್ದಾರೆ ಎಂದು ತೋರಿಸುತ್ತದೆ. ಅರವತ್ತು ಜನ ಇದ್ದೇವೆ ಎನ್ನುವವರ ಲೆಕ್ಕದಲ್ಲಿ ಒಂಬತ್ತೇ ಜನ ಕಂಡರೆ ಅರ್ಥ ಮಾಡಿಕೊಳ್ಳಿ. ಇನ್ನೊಂದು, ರಿಸೆಪ್ಷನ್‌ನಲ್ಲಿ ಸುಮ್ಮನೆ ಕಾಯುವಾಗ ಮಾಡುವ ಕೆಲಸ: ಜಿಎಸ್‌ಟಿ ನಂಬರನ್ನು ಬಾಗಿಲ ಬೋರ್ಡಿನ ಮೇಲೆ ಹಾಕಲೇಬೇಕೆಂಬ ನಿಯಮವಿದೆ. ಅದನ್ನು ಜಿಎಸ್‌ಟಿ ಪೋರ್ಟಲ್‌ನ ಸರ್ಚ್ ಟ್ಯಾಕ್ಸ್‌ಪೇಯರ್‌ನಲ್ಲಿ ಹಾಕಿ ನೋಡಿ, ಲಾಗಿನ್ ಬೇಡ, ರಿಟರ್ನ್ ಯಾವತ್ತು ಫೈಲ್ ಆಗಿದೆ ಎಂದು ಸಿಗುತ್ತದೆ. ತೆರಿಗೆ ಕಟ್ಟಿ ಸಲ್ಲಿಸುವ 3ಬಿ ರಿಟರ್ನ್ ತಿಂಗಳುಗಟ್ಟಲೆ ತಡವಾಗುತ್ತಿದ್ದರೆ ಅಲ್ಲಿ ಕೈಯಲ್ಲಿ ಕಾಸು ಓಡಾಡುತ್ತಿಲ್ಲ ಎಂಬ ಅನುಮಾನ ಇಟ್ಟುಕೊಳ್ಳಿ. ಇವೆರಡೂ ಆಗದಿದ್ದರೆ ಎದುರಿನ ಟೀ ಅಂಗಡಿಯಲ್ಲಿ ಒಂದು ಟೀ ಕುಡಿಯಿರಿ. ಸ್ಟಾಫ್ ಸಾಲದ ಪುಸ್ತಕ ಇಟ್ಟಿರುವ ಅಣ್ಣನಿಗೆ ಸಂಬಳ ಯಾವಾಗ ಆಗುತ್ತದೆ ಎಂಬುದು ಎಚ್‌ಆರ್‌ಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಈಗಾಗಲೇ ಮಾರ್ಕ್ಸ್ ಕಾರ್ಡ್ ಕೊಟ್ಟು ಸಿಕ್ಕಿಹಾಕಿಕೊಂಡವರಿಗೆ: ಕಳೆದುಹೋಗಿದೆ ಎಂದು ಅಫಿಡವಿಟ್ ಮಾಡಿಸಿ ಯೂನಿವರ್ಸಿಟಿಯಿಂದ ಡೂಪ್ಲಿಕೇಟ್ ತೆಗೆಸಿಕೋ ಎಂದು ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಬೇಡ, ಅದು ಸುಳ್ಳು ಪ್ರಮಾಣ, ನಾಳೆ ನಿಮ್ಮ ಕುತ್ತಿಗೆಗೇ ಬರುತ್ತದೆ. ಮೊದಲು ಕಂಪನಿಗೆ ಮೇಲ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ, ಯಾವ ಯಾವ ಕಾರ್ಡ್ ನಿಮ್ಮ ಹತ್ತಿರ ಇದೆ, ಯಾವತ್ತು ವಾಪಸ್ ಕೊಡುತ್ತೀರಿ ಎಂದು ಬರೆದು ಕೇಳಿ. ಅವರು "ಬಾಕಿ ಕ್ಲಿಯರ್ ಮಾಡಿ ತಗೊಂಡು ಹೋಗಿ" ಎಂದು ಉತ್ತರಿಸಿದರೂ ಸಾಕು, ಕಾರ್ಡ್ ತಮ್ಮಲ್ಲಿದೆ ಎಂದು ಅವರೇ ಬರೆದುಕೊಟ್ಟಂತಾಯಿತು. ನನ್ನ ವಕೀಲರು ಅದೇ ಮೆಸೇಜಿನ ಪ್ರಿಂಟ್ ಲಗತ್ತಿಸಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿದರು. ಆ ವಾರವೇ ಓನರ್ ಫೋನ್ ಮಾಡಿ "ಬಂದು ತಗೊಂಡು ಹೋಗಮ್ಮಾ" ಅಂದರು. ಸಂಬಳದ ಮಾತು ಮಾತ್ರ ಎತ್ತಲಿಲ್ಲ, ಆ ದೂರು ಲೇಬರ್ ಆಫೀಸಿನಲ್ಲಿ ಇನ್ನೂ ನಡೆಯುತ್ತಿದೆ.