‘ಆರಂಭಿಕರಿಗೆ’ ಎಂಬ ಹಣೆಪಟ್ಟಿ ನಂಬಿ ಕ್ಲಾಸಿಕಲ್ ಗಿಟಾರ್ ಕೃತಿಗಳನ್ನು ಆರಿಸಿಕೊಳ್ಳಬೇಡಿ

ಆನ್‌ಲೈನ್ ವಿಡಿಯೊ ಪಾಠಗಳ ಪಟ್ಟಿಯಿಂದ ನನಗಿಷ್ಟವಾದ ಕೃತಿಗಳನ್ನು ನಾನೇ ಆರಿಸಿಕೊಂಡು ಕ್ಲಾಸಿಕಲ್ ಗಿಟಾರ್ ಕಲಿಯಲು ಹೊರಟು, 14 ತಿಂಗಳ ಸಮಯವನ್ನೂ ಸುಮಾರು 9,000 ರೂಪಾಯಿಗಳನ್ನೂ ಆರು ವಾರಗಳ ಮಟ್ಟಿಗೆ ಎಡಗೈ ಹೆಬ್ಬೆರಳಿನ ಉಪಯೋಗವನ್ನೂ ಕಳೆದುಕೊಂಡವನು ನಾನು. ಪಾಠ ಹೇಳಿದವರ ವಾದನದಲ್ಲಿ ಕೊರತೆ ಇರಲಿಲ್ಲ, ವಿಡಿಯೊಗಳೂ ಸ್ಪಷ್ಟವಾಗಿಯೇ ಇದ್ದವು. ಕೆಟ್ಟದ್ದು ಕೃತಿಗಳ ಆಯ್ಕೆ ಮತ್ತು ಆ ಆಯ್ಕೆ ತಪ್ಪುವಂತೆಯೇ ಹಣೆಪಟ್ಟಿ ಅಂಟಿಸಿದ್ದ ರೀತಿ. ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಆಮೇಲೆ ನೋಡಿದ ಇನ್ನೂ ಮೂರ್ನಾಲ್ಕು ಕಡೆಗಳಲ್ಲಿ ಇದೇ ಪದ್ಧತಿ ಕಂಡಿದ್ದೇನೆ.

ನಾನಿರುವುದು ಶಿವಮೊಗ್ಗದಲ್ಲಿ. ಇಲ್ಲಿ ಗಿಟಾರ್ ಹೇಳಿಕೊಡುವವರಿದ್ದಾರೆ, ಆದರೆ ನಾನು ವಿಚಾರಿಸಿದವರೆಲ್ಲ ಸ್ಟೀಲ್ ತಂತಿಯ ಗಿಟಾರಿನಲ್ಲಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದು ಚಿತ್ರಗೀತೆಗಳನ್ನು ನುಡಿಸಲು ಕಲಿಸುವವರು. ನೈಲಾನ್ ತಂತಿಯ ಅಗಲ ಕತ್ತಿನ ವಾದ್ಯವನ್ನು ತೊಡೆಯ ಮೇಲಿಟ್ಟು, ಎಡಗಾಲಿನಡಿಗೆ ಪುಟ್ಟ ಮಣೆ ಇರಿಸಿಕೊಂಡು, ಬಲಗೈ ಬೆರಳುಗಳಿಂದಲೇ ಮಂದ್ರ ಸ್ವರಗಳನ್ನೂ ಮೇಲಿನ ರಾಗವನ್ನೂ ಒಟ್ಟಿಗೆ ನುಡಿಸುವ ಪದ್ಧತಿಯನ್ನು ಕಲಿಸುವವರು ನನಗೆ ಸಿಗಲಿಲ್ಲ. ಹಾಗಾಗಿ ವರ್ಷಕ್ಕೆ 4,499 ರೂಪಾಯಿಯ ಚಂದಾ ಕಟ್ಟಿದೆ. ಪಾಠಗಳ ಪಟ್ಟಿಯಲ್ಲಿ ನಾನು ಗುರುತು ಹಾಕಿಕೊಂಡ ಕೃತಿಗಳು ನಾಲ್ಕು: ಕರ್ತೃ ಯಾರೆಂದು ಗೊತ್ತಿಲ್ಲದ, 1952ರ ಒಂದು ಫ್ರೆಂಚ್ ಚಿತ್ರದಲ್ಲಿ ಗಿಟಾರ್ ವಾದಕ ನಾರ್ಸಿಸೊ ಯೆಪೆಸ್ ನುಡಿಸಿದ ಮೇಲೆ ಲೋಕಪ್ರಿಯವಾದ ‘ರೋಮಾನ್ಸ್’, ಸ್ಪೇನಿನ ಫ್ರಾನ್ಸಿಸ್ಕೊ ತಾರೆಗಾ ಬರೆದ ‘ಲಾಗ್ರಿಮಾ’, ಅದೇ ತಾರೆಗಾ ಬರೆದ ‘ಅಲಾಂಬ್ರಾದ ನೆನಪುಗಳು’, ಮತ್ತು ಸ್ಪೇನಿನವನೇ ಆದ ಸಂಯೋಜಕ ಅಲ್ಬೆನಿಜ್‌ನ ‘ಆಸ್ತೂರಿಯಾಸ್’. ಮೊದಲ ಎರಡಕ್ಕೆ ‘ಆರಂಭಿಕರಿಗೆ’ ಎಂಬ ಹಸಿರು ಚೀಟಿ ಇತ್ತು, ಉಳಿದೆರಡಕ್ಕೆ ‘ಆರಂಭಿಕರಿಂದ ಮಧ್ಯಮ’ ಎಂದಿತ್ತು. ಗಿಟಾರ್ ಬಲ್ಲವರು ಈ ಸಾಲು ಓದಿದಲ್ಲೇ ನಗಬಹುದು. ನನಗೆ ನಗಲು ಬೇಕಾದ ತಿಳಿವಳಿಕೆ ಆಗ ಇರಲಿಲ್ಲ.

ರೋಮಾನ್ಸ್ ಏಕೆ ಮೋಸ ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊಸಬರೆಲ್ಲ ಮೊದಲು ಕೈಹಾಕುವುದು ಅದಕ್ಕೇ. ಇ ಮೈನರ್ ಎಂಬ ಸ್ವರಶ್ರೇಣಿಯಲ್ಲಿರುವ ಅದರ ಮೊದಲ ಭಾಗ 16 ಮೆಷರ್‌ಗಳದ್ದು (ಮೆಷರ್ ಎಂದರೆ ನಮ್ಮ ತಾಳದ ಆವರ್ತದಂಥ ಒಂದು ತುಂಡು). ಶುರುವಿನಲ್ಲಿ ರಾಗವೆಲ್ಲ ಮೊದಲ ತಂತಿಯ ಮೇಲೆಯೇ ಸಾಗುತ್ತದೆ, ಉಳಿದ ತಂತಿಗಳು ತೆರೆದೇ ಇರುತ್ತವೆ, ಎಡಗೈಯ ಒಂದೇ ಬೆರಳನ್ನು, ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳಲ್ಲಿ, 7ನೇ ಫ್ರೆಟ್‌ನಿಂದ 5ಕ್ಕೆ, 3ಕ್ಕೆ ಸರಿಸುತ್ತಾ ಹೋದರೆ ಸಾಕು. ಮೊದಲ ದಿನವೇ ಮನೆಯವರು ಅಡುಗೆಮನೆಯಿಂದ ಬಂದು ನಿಂತು ಕೇಳುವಷ್ಟು ಚೆನ್ನಾಗಿ ಬರುತ್ತದೆ. 7ನೇ ಮೆಷರ್‌ನಲ್ಲಿ ತೋರುಬೆರಳನ್ನು 5ನೇ ಫ್ರೆಟ್‌ನ ಉದ್ದಕ್ಕೂ ಅಡ್ಡಲಾಗಿ ಒತ್ತುವ ಬಾರ್ ಕಾರ್ಡ್ ಬರುತ್ತದೆ. 9ನೆಯದರಲ್ಲಿ ಆ ಬಾರ್ 7ನೇ ಫ್ರೆಟ್‌ಗೆ ಏರುತ್ತದೆ. 10ನೆಯದರಲ್ಲಿ ಅದನ್ನು ಬಿಡದೆ ಕಿರುಬೆರಳನ್ನು 11ನೇ ಫ್ರೆಟ್‌ವರೆಗೆ ಚಾಚಬೇಕಾಗುತ್ತದೆ. 650 ಮಿಲಿಮೀಟರ್ ತಂತಿಯಳತೆಯ ಸಾಮಾನ್ಯ ಗಿಟಾರಿನಲ್ಲಿ ಅದು ಸುಮಾರು 9 ಸೆಂಟಿಮೀಟರ್ ದೂರ. ಇಷ್ಟು ದಾಟಿದ ಮೇಲೆ ಇ ಮೇಜರ್‌ಗೆ ಹೊರಳುವ ಎರಡನೇ ಭಾಗವಿದೆ. ಅದು ಮೊದಲನೆಯದಕ್ಕಿಂತ ಕಷ್ಟದ್ದು.

ಸಂಸ್ಥೆಯ ಕೈಚಳಕ ಇರುವುದು ಇಲ್ಲೇ. ಅವರು ಕೃತಿಯನ್ನು ಐದು ವಿಡಿಯೊಗಳಾಗಿ ಕತ್ತರಿಸಿದ್ದರು ಮತ್ತು ಹಸಿರು ಚೀಟಿ ಇದ್ದದ್ದು ಮೊದಲ ವಿಡಿಯೊಗೆ ಮಾತ್ರ. ಪಟ್ಟಿಯಲ್ಲಿ ಕಾಣಿಸುತ್ತಿದ್ದದ್ದೂ ಆ ಮೊದಲ ವಿಡಿಯೊದ ಚೀಟಿಯೇ. ಎರಡನೇ ಭಾಗದ ವಿಡಿಯೊಗಳಿಗೆ ‘ಪ್ರೌಢ’ ಎಂದು ಬರೆದಿದ್ದರು. ಹಣ ಕಟ್ಟಿ, ಮೂರು ತಿಂಗಳು ಅಭ್ಯಾಸ ಮಾಡಿ, ಅಲ್ಲಿಗೆ ತಲುಪಿದವನಿಗಷ್ಟೇ ಅದು ಕಾಣುತ್ತಿತ್ತು. ಹಣ ವಾಪಸ್ ಪಡೆಯಲು ಇದ್ದ ಗಡುವು 7 ದಿನ. 7 ದಿನಗಳಲ್ಲಿ ಯಾವ ಹೊಸಬನೂ 9ನೇ ಮೆಷರ್ ಮುಟ್ಟಲಾರ.

ಕೈಚೆಲ್ಲುವ ಬದಲು ನಾನು ಹಟ ಹಿಡಿದೆ. ಬಾರ್ ಸರಿಯಾಗಿ ನುಡಿಯದಿದ್ದಾಗ ಹೆಬ್ಬೆರಳಿನಿಂದ ಗಿಟಾರಿನ ಕತ್ತನ್ನು ಹಿಂದಿನಿಂದ ಇಕ್ಕಳದಂತೆ ಹಿಂಡುವುದು, ದಿನಕ್ಕೆ ಒಂದೂವರೆ ಗಂಟೆ ಅದೇ ಎರಡು ಮೆಷರ್‌ಗಳನ್ನು ತಿರುಗಿಸುವುದು, ನೋವಾದರೆ ಬೆರಳು ಗಟ್ಟಿಯಾಗುತ್ತಿದೆ ಎಂದು ಸಮಾಧಾನ ಮಾಡಿಕೊಳ್ಳುವುದು ನನ್ನ ದಿನಚರಿಯಾಯಿತು. ಬೆರಳತುದಿಯ ಚರ್ಮ ಉರಿಯುವುದು ಬೇರೆ, ಹೆಬ್ಬೆರಳಿನ ಬುಡದಲ್ಲಿ ಮಣಿಕಟ್ಟಿನ ಕಡೆಗೆ ಸೆಳೆಯುವ ನೋವು ಬೇರೆ ಎಂದು ಯಾವ ವಿಡಿಯೊವೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಸ್ಕೂಟರಿನ ಕೀಲಿ ತಿರುಗಿಸಲಾಗದೆ ಹೋದಾಗ ವೈದ್ಯರ ಬಳಿ ಹೋದೆ. ಅವರು ಆರು ವಾರ ಗಿಟಾರ್ ಮುಟ್ಟಬಾರದೆಂದರು.

ಲಾಗ್ರಿಮಾದಲ್ಲಿ ಆದದ್ದು ಇನ್ನೊಂದು ಬಗೆಯ ಹಾನಿ. ಹೆಸರಿನ ಅರ್ಥ ಕಣ್ಣೀರು. ಒಂದು ಪುಟದಲ್ಲಿ ಮುಗಿಯುವ, ನಿಧಾನಗತಿಯ ಕೃತಿ. ಆದ್ದರಿಂದ ಸುಲಭವೆಂದು ಕಾಣುತ್ತದೆ. ಮೊದಲ ಮೆಷರ್‌ನಲ್ಲಿ ಮೊದಲ ತಂತಿಯಲ್ಲಿ 4, 5, 7ನೇ ಫ್ರೆಟ್ ಎಂದು ಒಂದು ಸಾಲು ಏರುತ್ತದೆ, ನಾಲ್ಕನೇ ತಂತಿಯಲ್ಲಿ 2, 4, 6 ಎಂದು ಇನ್ನೊಂದು ಸಾಲು ಜೊತೆಯಾಗಿ ಏರುತ್ತದೆ, ನಡುನಡುವೆ ಎರಡನೇ ತಂತಿ ತೆರೆದು ಮಿಡಿಯುತ್ತದೆ. ಸಂಸ್ಥೆ ಕೊಟ್ಟಿದ್ದ ಟ್ಯಾಬ್‌ನಲ್ಲಿ (ಯಾವ ತಂತಿ, ಯಾವ ಫ್ರೆಟ್ ಎಂದು ತೋರಿಸುವ ಬರಹದಲ್ಲಿ) ಅಂಕಿಗಳಷ್ಟೇ ಇದ್ದವು. ಯಾವ ಸ್ವರ ಎಷ್ಟು ಹೊತ್ತು ನಿಲ್ಲಬೇಕು ಎಂಬ ಗುರುತು ಇರಲಿಲ್ಲ. ನಡುವಿನ ತೆರೆದ ತಂತಿಯನ್ನು ಮಿಡಿಯುವಾಗ ನಾನು ಎರಡೂ ಬೆರಳುಗಳನ್ನು ಎತ್ತಿಬಿಡುತ್ತಿದ್ದೆ. ಎರಡು ದನಿಗಳು ಒಟ್ಟಿಗೆ ಹಾಡಬೇಕಾದ ಕಡೆ ಬಿಕ್ಕಳಿಕೆ ಕೇಳುತ್ತಿತ್ತು, ಅದು ತಪ್ಪೆಂದು ನನಗೆ ಎಂಟು ತಿಂಗಳು ತಿಳಿಯಲೇ ಇಲ್ಲ. ಐದು ಗೆರೆಗಳ ಸ್ಟಾಫ್ ನೊಟೇಷನ್‌ನಲ್ಲಿ ಮೇಲಿನ ದನಿಗೆ ಸ್ವರಚಿಹ್ನೆಯ ಕಡ್ಡಿ ಮೇಲಕ್ಕೆ, ಕೆಳಗಿನ ದನಿಗೆ ಕೆಳಕ್ಕೆ ಎಳೆದಿರುತ್ತಾರೆ; ಓದಲು ಬಂದಿದ್ದರೆ ಮೊದಲ ದಿನವೇ ಕಾಣುತ್ತಿತ್ತು.

ಅಲಾಂಬ್ರಾ ಮತ್ತು ಆಸ್ತೂರಿಯಾಸ್ ಬಗ್ಗೆ ಹೆಚ್ಚು ಬರೆಯಲು ನನಗೆ ಯೋಗ್ಯತೆಯಿಲ್ಲ, ಎರಡರಲ್ಲೂ ಮೊದಲ ಪುಟ ದಾಟಿಲ್ಲ. ಅಲಾಂಬ್ರಾ ಪೂರ್ತಿ ಟ್ರೆಮೊಲೊ ಮೇಲೆ ನಿಂತದ್ದು: ಹೆಬ್ಬೆರಳು ಮಂದ್ರವನ್ನು ಮೀಟಿದ ಮೇಲೆ ಉಂಗುರಬೆರಳು, ನಡುಬೆರಳು, ತೋರುಬೆರಳು ಒಂದೇ ತಂತಿಯನ್ನು ಸರದಿಯಂತೆ, ಸಮ ಅಂತರದಲ್ಲಿ, ಕೃತಿ ಮುಗಿಯುವ ತನಕ ಮೀಟುತ್ತಿರಬೇಕು. ಆಸ್ತೂರಿಯಾಸ್ ಮೂಲತಃ ಪಿಯಾನೊಗಾಗಿ ಜಿ ಮೈನರ್‌ನಲ್ಲಿ ಬರೆದದ್ದು, ಗಿಟಾರಿಗೆ ಇ ಮೈನರ್‌ನಲ್ಲಿ ಅಳವಡಿಸಿದ್ದಾರೆ. ಎಲ್ಲರೂ ಗುನುಗುವ ಅದರ ಆರಂಭ ನಿಧಾನದಲ್ಲಿ ಯಾರ ಕೈಗೂ ಬರುತ್ತದೆ. ಅದಕ್ಕೇ ಆ ಆರಂಭವನ್ನು ಉಚಿತ ಮಾದರಿ ಪಾಠವಾಗಿ ಇಟ್ಟಿರುತ್ತಾರೆ.

ಬಲಗೈಯ ವಿಷಯಕ್ಕೆ ಬರುತ್ತೇನೆ. ಕ್ಯಾಮೆರಾ ಸದಾ ಎಡಗೈಯ ಮೇಲಿತ್ತು, ಬಲಗೈ ಅರ್ಧ ಕತ್ತರಿಸಿ ಹೋಗಿತ್ತು. ವಿಡಿಯೊವನ್ನು ಅರ್ಧ ವೇಗಕ್ಕೆ ಇಳಿಸಿದರೂ ಚೌಕಟ್ಟಿನ ಹೊರಗಿದ್ದದ್ದು ಹೊರಗೇ ಇರುತ್ತದೆ. ಕೈ ವಾಸಿಯಾದ ಮೇಲೆ ತಿಂಗಳಿಗೊಮ್ಮೆ ಬೆಂಗಳೂರಿಗೆ ರೈಲು ಹತ್ತಿ ಒಬ್ಬ ಶಿಕ್ಷಕರ ಬಳಿ ಹೋಗತೊಡಗಿದೆ. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವರು. ರೋಮಾನ್ಸ್‌ನ ನಾಲ್ಕು ಮೆಷರ್ ನುಡಿಸಿದ್ದೇ ತಡ, ನಿಲ್ಲಿಸಲು ಹೇಳಿ, “ಸರ್, ನಿಮ್ಮ ಉಂಗುರಬೆರಳು ಕೆಲಸಕ್ಕೇ ಬಂದಿಲ್ಲವಲ್ಲ, ರಜೆ ಹಾಕಿದೆಯಾ?” ಎಂದು ಕೇಳಿದರು. ಮೂರು ಬೆರಳಿನ ಕೆಲಸವನ್ನು ನಾನು ಅಷ್ಟು ದಿನ ಎರಡರಿಂದ ಮಾಡುತ್ತಿದ್ದೆ. ಆಮೇಲೆ 5ನೇ ಫ್ರೆಟ್‌ನಲ್ಲಿ ಬಾರ್ ಹಿಡಿಯಲು ಹೇಳಿ, ಕತ್ತಿನ ಹಿಂದಿದ್ದ ನನ್ನ ಹೆಬ್ಬೆರಳನ್ನು ಮೆಲ್ಲಗೆ ಬಿಡಿಸಿದರು. ಬರೀ ತೋಳಿನ ಭಾರಕ್ಕೇ ತಂತಿಗಳು ನುಡಿದವು. ಎಂಟು ತಿಂಗಳ ಇಕ್ಕಳ ಬೇಕಾಗಿಯೇ ಇರಲಿಲ್ಲ.

ನನ್ನ ತಂಗಿ ವೀಣೆ ಕಲಿತವಳು. ಈ ಕಥೆ ಕೇಳಿ ಅವಳು ಅಂದದ್ದು ಇಷ್ಟೇ: “ಸರಳೆ ಮುಗಿಸದವನಿಗೆ ಯಾರಾದರೂ ವರ್ಣ ಮಾರುತ್ತಾರೇನಣ್ಣ?” ನಮ್ಮಲ್ಲಿ ಸರಳೆ, ಜಂಟಿ, ಅಲಂಕಾರ, ಗೀತೆ, ವರ್ಣ ಎಂಬ ಮೆಟ್ಟಿಲುಗಳು ಪಾಠ ಹೇಳಿಸಿಕೊಳ್ಳದವರಿಗೂ ಗೊತ್ತು. ಕ್ಲಾಸಿಕಲ್ ಗಿಟಾರಿಗೂ ಮೆಟ್ಟಿಲುಗಳಿವೆ, ಇನ್ನೂರು ವರ್ಷಗಳಷ್ಟು ಹಳೆಯವು. ಆದರೆ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅವುಗಳ ವಿಡಿಯೊಗಳನ್ನು ನೋಡುವವರು ಕಡಿಮೆ. ಗಿಟಾರ್ ಸಂಯೋಜಕ ಫರ್ನಾಂಡೊ ಸೋರ್‌ನ ಓಪಸ್ (ಕೃತಿಸಂಖ್ಯೆ) 60ರಲ್ಲಿ 25 ಪುಟ್ಟ ಪಾಠಗಳಿವೆ, ಮೊದಲನೆಯದರಲ್ಲಿ ಒಂದು ಹೊತ್ತಿಗೆ ಒಂದೇ ಸ್ವರ. ಮಾವ್ರೊ ಜೂಲಿಯಾನಿಯ ಓಪಸ್ 1ರಲ್ಲಿ ಬಲಗೈಗೆಂದೇ 120 ಅಭ್ಯಾಸಗಳಿವೆ. ಎಡಗೈ ಸಿ ಮತ್ತು ಜಿ ಸೆವೆನ್ ಎಂಬ ಎರಡೇ ಕಾರ್ಡ್‌ಗಳಲ್ಲಿ ಆರಾಮವಾಗಿರುತ್ತದೆ. ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಇವೆಲ್ಲ ಐಎಂಎಸ್‌ಎಲ್‌ಪಿ ಎಂಬ ಸ್ವರಲಿಪಿಗಳ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಇಲ್ಲೂ ಒಂದು ಹಳ್ಳವಿದೆ, ಬಿದ್ದವನಾಗಿ ಹೇಳುತ್ತಿದ್ದೇನೆ: ಮತ್ತೆಯೊ ಕಾರ್ಕಾಸಿಯದೂ ಒಂದು ಓಪಸ್ 60 ಇದೆ, ಅದರಲ್ಲೂ 25 ಅಭ್ಯಾಸಗಳೇ, ಆದರೆ ಮೊದಲನೆಯದೇ ಓಡುವ ಸ್ವರಗಳ ಸಾಲು. ಶಿಕ್ಷಕರು ಹೇಳಿದ್ದು ಸೋರ್, ನಾನು ಮುದ್ರಿಸಿಕೊಂಡು ಹೋದದ್ದು ಕಾರ್ಕಾಸಿ.

ಚಂದಾ ಕಟ್ಟುವ ಮುನ್ನ ಕೃತಿಯ ಕೊನೆಯ ವಿಡಿಯೊ ಯಾವುದೆಂದು ನೋಡಿ, ಅದರ ಹಣೆಪಟ್ಟಿ ಓದಿ. ಪೂರ್ತಿ ನೊಟೇಷನ್ ಸಿಗುವಂತಿದ್ದರೆ ಅದರಲ್ಲಿ ಬಾರ್ ಎಲ್ಲಿ ಬರುತ್ತದೆ, ಎಷ್ಟು ಹೊತ್ತು ಹಿಡಿಯಬೇಕು ಎಂದು ಹುಡುಕಿ. ಸಂಗೀತ ಪರೀಕ್ಷೆ ನಡೆಸುವ ಟ್ರಿನಿಟಿ ಕಾಲೇಜ್ ಲಂಡನ್ ಮತ್ತು ಎಬಿಆರ್‌ಎಸ್‌ಎಂ ಸಂಸ್ಥೆಗಳು ಪ್ರತಿ ಗ್ರೇಡಿನ ಕ್ಲಾಸಿಕಲ್ ಗಿಟಾರ್ ಪಠ್ಯಕ್ರಮವನ್ನು ತಮ್ಮ ಜಾಲತಾಣಗಳಲ್ಲಿ ಎಲ್ಲರಿಗೂ ತೆರೆದಿಟ್ಟಿವೆ. ಪರೀಕ್ಷೆ ಕಟ್ಟುವ ಉದ್ದೇಶವಿಲ್ಲದಿದ್ದರೂ, ಮಾರಾಟಕ್ಕಿರುವ ಕೃತಿ ಅಲ್ಲಿ ಎಷ್ಟನೇ ಗ್ರೇಡಿನ ಕೃತಿಗಳ ಜೊತೆ ಕುಳಿತಿದೆ ಎಂದು ಹೋಲಿಸಿ ನೋಡಲು ಅಡ್ಡಿಯಿಲ್ಲ. ಬಲಗೈ ಕಾಣದ ಪಾಠಕ್ಕೆ ಹಣ ಕೊಡಬೇಡಿ.

ಈಗಾಗಲೇ ಹಣ ಕಟ್ಟಿದವರು ನವೀಕರಣದ ದಿನಾಂಕ ಗುರುತು ಹಾಕಿಕೊಳ್ಳಿ. ನನ್ನ ಎರಡನೇ ವರ್ಷದ 4,499 ರೂಪಾಯಿ ನಾನು ನೋವಿನ ಮುಲಾಮು ಹಚ್ಚಿಕೊಂಡು ಕೂತಿದ್ದ ವಾರದಲ್ಲೇ ತಾನಾಗಿ ಕಡಿತವಾಯಿತು. ಪತ್ರ ಬರೆದಾಗ 7 ದಿನಗಳ ಗಡುವು ಮೀರಿದೆ ಎಂಬ ಉತ್ತರ ಬಂತು. ಆ ಚಂದಾ ಬರುವ ಫೆಬ್ರವರಿಯವರೆಗೆ ಇದೆ. ಅದರಲ್ಲಿ ನಾನೀಗ ಬಳಸುತ್ತಿರುವುದು ಲಯಕ್ಕೆ ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಒಂದನ್ನೇ, ಅದೂ ಸೋರ್‌ನ ಐದನೇ ಪಾಠಕ್ಕೆ.