ಆಘಾತ ಕಂಡ ಮಗುವಿಗೆ ಯಾವ ಥೆರಪಿ?

ಭಯಾನಕವಾದದ್ದನ್ನು ಕಂಡ ಮಗುವನ್ನು "ಏನಾಯ್ತು ಹೇಳು" ಅಂತ ಕೇಳಿದರೆ ಎಷ್ಟೋ ಸಲ ಉತ್ತರವೇ ಬರುವುದಿಲ್ಲ. ಗೊಂಬೆ ಕೊಟ್ಟರೆ ಬರಬಹುದು.

ಮಗುವೇ ಮುನ್ನಡೆಸುವ ಆಟದ ಥೆರಪಿಗೆ 1940ರ ದಶಕದಲ್ಲಿ ರೂಪ ಕೊಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಆಕ್ಸ್‌ಲೈನ್. ಮರಳು, ಬಣ್ಣ, ಆಟದ ಆಂಬುಲೆನ್ಸ್, ಯಾವುದನ್ನು ಮುಟ್ಟಬೇಕು ಅಂತ ಮಗುವೇ ಆರಿಸುತ್ತದೆ. ಥೆರಪಿಸ್ಟ್ ಕೆದಕುವುದಿಲ್ಲ. "ಈ ಕರಡಿಮರಿಗೆ ತುಂಬಾ ಹೆದರಿಕೆಯಾಗಿದೆ ಅಲ್ವಾ" ಅನ್ನುತ್ತಾರೆ, ಅಷ್ಟೇ. ತಾನು ಕಂಡ ಅಪಘಾತವನ್ನೇ ಮಗು ಮತ್ತೆ ಮತ್ತೆ ಆಡಬಹುದು. ಒಂದು ದಿನ ಆಟದೊಳಗೆ ಯಾರೋ ಬಂದು ಕಾಪಾಡುತ್ತಾರೆ. ಕಥೆ ಹಾಗೆ ತಿರುಗುವುದು ಒಳ್ಳೆಯ ಸೂಚನೆ. ತಿರುಗದೆ, ಆಡಿದಷ್ಟೂ ಮಗು ಕಂಗೆಡುತ್ತಿದ್ದರೆ ಸುಮ್ನೆ ನೋಡುತ್ತಾ ಕೂರಬಾರದು, ಥೆರಪಿಸ್ಟ್ ಕೈ ಹಾಕಲೇಬೇಕು. ಸುಮಾರು 3ರಿಂದ 10 ವರ್ಷದವರಿಗೆ ಇದು ಹೊಂದುತ್ತದೆ.

ಇನ್ನೊಂದು ದಾರಿ ಸಿಬಿಟಿ, ಅಂದರೆ ಯೋಚನೆ, ನಡವಳಿಕೆಗಳನ್ನು ಬದಲಿಸಲು ನೆರವಾಗುವ ಮಾತಿನ ಥೆರಪಿ. ಆಘಾತಕ್ಕೆಂದೇ ರೂಪಿಸಿದ ಸಿಬಿಟಿಗೆ ಕ್ರಮವಿದೆ. ಸಾಮಾನ್ಯವಾಗಿ 12ರಿಂದ 16 ಭೇಟಿ, 3ರಿಂದ 18 ವರ್ಷದವರಿಗೆ. ಮೊದಲು ಉಸಿರು, ಮೈ ಸಡಿಲಿಸುವುದು. ಆಮೇಲೆ ಮೆಲ್ಲಗೆ ಆ ಘಟನೆಯ ಕಥೆ. ಅಪ್ಪ ಅಮ್ಮನಿಗೂ ಪಾಲಿದೆ. ಸಂಶೋಧನೆಯ ಬೆಂಬಲ ಇದಕ್ಕೇ ಜಾಸ್ತಿ.

ಕೆಟ್ಟ ಕನಸು, ನೆನಪು ಕಾಡುತ್ತಿದ್ದು, ಮಗು ಸ್ವಲ್ಪವಾದರೂ ಮಾತಾಡುತ್ತಿದ್ದರೆ ನಾನು ಮೊದಲು ಸಿಬಿಟಿಯನ್ನೇ ಕೇಳುತ್ತೇನೆ. ತೀರಾ ಚಿಕ್ಕದು, ದೊಡ್ಡವರ ಮೇಲೆ ನಂಬಿಕೆಯೇ ಹೋಗಿದೆ ಅಂದರೆ ಆಟದಿಂದ ಶುರು ಮಾಡಿ. ಎರಡರ ನಡುವೆ ಗೋಡೆಯೇನಿಲ್ಲ. ಪುಟ್ಟ ಮಕ್ಕಳ ಸಿಬಿಟಿಯಲ್ಲೂ ಗೊಂಬೆ, ಚಿತ್ರ ಬಳಸುತ್ತಾರೆ. ಹೊಡೆಯುವವರು ಇನ್ನೂ ಮನೆಯಲ್ಲೇ ಇದ್ದರೆ ಮಾತ್ರ, ಮೊದಲು ಮಗುವಿನ ಸುರಕ್ಷತೆ ನೋಡಿ.